ಅಮ್ಮ ದೇವರಿಗಿಡದ ಕಿತ್ತಳೆ

ಟೀವಿಯಲ್ಲಿ ಫುಟ್‌ಬಾಲ್ ವಿಶ್ಲೇಷಣೆ ಮಾಡುತ್ತಾ ಅವನು ‘ಎದುರಾಳಿಯನ್ನು ಗೌರವಿಸಬೇಕು’ ಎಂದಾಗಲೆಲ್ಲ ನನಗೆ ಕಿತ್ತಳೆ ಸಿಪ್ಪೆಯ ವಾಸನೆ ಬಂದು ಹೇಸಿಗೆಯಾಗುತ್ತದೆ.

ವರ್ಷಗಳ ಹಿಂದೆ ಅವನು ದೊಡ್ಡ ಕ್ಲಬ್ಬಿನ ಮಿಡ್‌ಫೀಲ್ಡರ್. ಒಂದು ಪಂದ್ಯದಲ್ಲಿ ಬೇಕೆಂದೇ ಎದುರು ತಂಡದಲ್ಲಿದ್ದ ನಮ್ಮಣ್ಣನ ಮಂಡಿಗೆ ಒದ್ದ. ಮರುದಿನ ಮಧ್ಯಾಹ್ನ ರಸೆಲ್ ಮಾರುಕಟ್ಟೆಯ ಕಿತ್ತಳೆ ಚೀಲ ಹಿಡಿದು ಜೋಗುಪಾಳ್ಯದ ನಮ್ಮ ಮನೆಗೆ ಬಂದ. ತಾನೇ ಎರಡು ಸುಲಿದು ತಿಂದು, ಬೀಜ ನೆಲಕ್ಕೆ ಉಗಿದ.

“ಆಟ ಅಂದ್ಮೇಲೆ ಇದೆಲ್ಲ ಇರುತ್ತೆ ಬಿಡಿ ಅಕ್ಕಾ,” ಎಂದು ಅಮ್ಮನಿಗೆ ಹೇಳಿದವನು, ಮಲಗಿದ್ದ ಅಣ್ಣನತ್ತ ತಿರುಗಿ, “ಇನ್ನೊಂದು ಕಾಲಿದೆಯಲ್ಲ ಮಗಾ!” ಎಂದು ನಕ್ಕ.

ಅಣ್ಣ ಗೋಡೆಯ ಕಡೆ ಹೊರಳಿದ. ಅಣ್ಣ ಮತ್ತೆಂದೂ ಆಡಲಿಲ್ಲ. ಕುಂಟುತ್ತಲಾದರೂ ನಡೆಯುತ್ತಾನೆ, ಅಷ್ಟು ದೇವರ ದಯೆ.

ಯಾವ ಹಣ್ಣು ಬಂದರೂ ಮೊದಲು ದೇವರ ಮುಂದಿಡುತ್ತಿದ್ದ ಅಮ್ಮ, ಅಂದು ಮಾತ್ರ ಆ ಚೀಲವನ್ನು ಎರಡೇ ಬೆರಳಲ್ಲಿ ಎತ್ತಿ ಬೀದಿಯ ತೊಟ್ಟಿಗೆ ಹಾಕಿದಳು. ಬೀಜ ಗುಡಿಸಿ, ಕೈ ತೊಳೆದು, ಆಮೇಲೆ ದೀಪ ಹಚ್ಚಿದಳು.