ಡೀಲಿಯಾಳ ಮಗ್ಗ

ಊಟದ ಗಂಟೆ ಹೊಡೆದದ್ದು ಹೆಡ್‌ವಿಗ್‌ಗೆ ಗೊತ್ತಾಗಲಿಲ್ಲ. ಲಾರೆನ್ಸ್ ಊರಿನ ಉಣ್ಣೆ ಗಿರಣಿಯಲ್ಲಿ, ಮಗ್ಗಗಳ ಅಬ್ಬರದ ನಡುವೆ, ಅವಳು ಕಣ್ಣು ಮುಚ್ಚಿ ಗಂಟಲೆತ್ತಿ ಜರ್ಮನ್ ಹಾಡು ಹಾಡುತ್ತಿದ್ದಳು. ನಿನ್ನೆ ಅಮ್ಮನನ್ನು ಮಣ್ಣು ಮಾಡುವಾಗ ಹಾಡಬೇಕಿದ್ದ ಹಾಡು ಅದು. ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿದ ಮೇಲೆ ಆ ಭಾಷೆ ಬಾಯಿಂದ ಬಿದ್ದರೆ ಕೆಲಸ ಹೋಗುವ ಭಯ. ಸಮಾಧಿಯ ಮುಂದೆ ಜರ್ಮನರ ಕೇರಿಯೆಲ್ಲ ತುಟಿ ಬಿಗಿದು ನಿಂತಿತ್ತು. ಇಲ್ಲಿ, ಮಗ್ಗಗಳ ಸದ್ದಿನಲ್ಲಿ, ಹಾಡಿದರೂ ಯಾರ ಕಿವಿಗೂ ಬೀಳದು.

ಕೊನೆಯ ಸಾಲಿಗೆ ಬಂದಾಗ ಕಣ್ಣು ತೆರೆದಳು. ಅವಳ ಮಗ್ಗ ನೂಲು ತೀರಿ ತಾನಾಗಿ ನಿಂತಿತ್ತು. ಊಟದ ಗಂಟೆಗೆ ಉಳಿದವೂ ನಿಂತಿದ್ದವು. ಹೆಡ್‌ವಿಗ್‌ಳ ಹಾಡು ಅಲ್ಲೇ ನಿಂತಿತು. ಪಕ್ಕದ ಐರಿಷ್ ಹೆಂಗಸು ಡೀಲಿಯಾಳ ಎರಡು ಮಗ್ಗಗಳು ಮಾತ್ರ ಇನ್ನೂ ದಡದಡ ಬಡಿಯುತ್ತಿದ್ದವು.

ಡೀಲಿಯಾ ಮಗ್ಗ ನಿಲ್ಲಿಸುವ ಹಿಡಿಯ ಮೇಲೆ ಕೈಯಿಟ್ಟು ಇವಳ ಬಾಯನ್ನೇ ನೋಡುತ್ತಿದ್ದಳು. ಆ ಗದ್ದಲದಲ್ಲಿ ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡಿಕೊಳ್ಳುವುದು. ದೂರದ ಬಾಗಿಲಿಂದ ಮೇಸ್ತ್ರಿ ಕೈ ಬೀಸುತ್ತ ಬರುತ್ತಿದ್ದ.

"ಮುಗಿಸೇ, ಹೆಡ್‌ವಿಗ್," ಎಂದವು ಡೀಲಿಯಾಳ ತುಟಿಗಳು. "ಅಲ್ಲೀವರ್ಗೂ ನಾನ್ ಮಗ್ಗ ನಿಲ್ಸಲ್ಲ."

ಹೆಡ್‌ವಿಗ್ ಕೊನೆಯ ಸಾಲನ್ನು ಅಮ್ಮನಿಗೆ ಕೇಳಿಸುವಷ್ಟು ಜೋರಾಗಿ ಹಾಡಿ ಬಾಯಿ ಮುಚ್ಚಿದಳು. ಆಮೇಲೆಯೇ ಡೀಲಿಯಾ ಹಿಡಿ ಎಳೆದು ಎರಡೂ ಮಗ್ಗ ನಿಲ್ಲಿಸಿದ್ದು.

"ಗಂಟೆ ಕೇಳಿಸ್ಲಿಲ್ವೇನೇ, ಕಿವುಡೀ?" ಹತ್ತಿರ ಬಂದ ಮೇಸ್ತ್ರಿ ಡೀಲಿಯಾಳನ್ನು ಗದರಿದ.

"ನಿಮ್ ಗಿರಣೀಲಿ ಯಾರಿಗ್ ಸಾರ್ ಕಿವಿ ಉಳ್ದಿದೆ?" ಎಂದಳು ಡೀಲಿಯಾ.

ಅವನು ಗೊಣಗುತ್ತ ಹೋದ. ಹೆಡ್‌ವಿಗ್ ಬುತ್ತಿ ಬಿಚ್ಚಿ, ನಿನ್ನೆ ಅಮ್ಮನನ್ನು ಮಣ್ಣು ಮಾಡಲು ಬಂದವರಿಗೆಂದು ಮಾಡಿದ್ದ ಗಸಗಸೆ ಕೇಕನ್ನು ಮುರಿದು, ದೊಡ್ಡ ತುಂಡನ್ನು ಡೀಲಿಯಾಳ ಅಂಗೈಯಲ್ಲಿಟ್ಟಳು.