ತೆರೆದ ಚೀಲ

ಸಂತೆಯ ಗೇಟಿನಲ್ಲಿ ಹಣೆಗೊಂದು ಯಂತ್ರ ಹಿಡಿದು, ಯಾವ ಅಂಗಡಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ನೆನಪನ್ನೆಲ್ಲ ಒರೆಸಿಯೇ ಒಳಗೆ ಬಿಡುತ್ತಾರೆ. ಹೊಸ ವ್ಯಾಪಾರಿಗಳಿಗೆ ಅನ್ಯಾಯ ಆಗಬಾರದಂತೆ. ವ್ಯಾಪಾರಿಗಳಿಗೂ ಅಷ್ಟೆ, ಹಳೆಯ ಗಿರಾಕಿಗಳ ಮುಖ ನೆನಪಿರುವುದಿಲ್ಲ.

ಫಕೀರವ್ವ ಎಂದಿನಂತೆ ನೆನಪು ಒರೆಸಿಕೊಂಡು ಬಂದು, ಬೋರ್ಡು ಜೋರಾಗಿದ್ದ ಮೊದಲ ಅಂಗಡಿಯಲ್ಲಿ ಬದನೆಕಾಯಿ ಕೊಂಡಳು. ದುಡ್ಡೂ ಕೊಟ್ಟಳು. ಆದರೆ ಅವಳ ಕೈ ಮಾತ್ರ ಚೀಲದ ಬಾಯಿ ತೆರೆದು ಹಿಡಿದೇ ಇತ್ತು.

"ಇನ್ನೇನ್ ಬೇಕ್ರಿ ಅಕ್ಕಾರ?" ಎಂದ ಅಂಗಡಿಯವ.

"ನನಗೇನ್ ಗೊತ್ತು? ಕೈ ಹಿಂದಕ್ಕ ಬರವಲ್ದು!"

"ಮುಂದ ನಡೀರಿ, ಹಿಂದ ಮಂದಿ ನಿಂತಾರ."

ಫಕೀರವ್ವನಿಗೆ ಸಿಟ್ಟು ಬಂತು. ತೆರೆದ ಚೀಲ ಹಿಡಿದೇ ಸಂತೆಯ ಕೊನೆಯವರೆಗೂ ನಡೆದಳು. ಅಲ್ಲೊಬ್ಬ ಮುದುಕ ತನ್ನ ತರಕಾರಿ ರಾಶಿಯ ಮುಂದೆ ಒಂದು ಹಿಡಿ ಕರಿಬೇವು ಎತ್ತಿ ಹಿಡಿದು, ಕಕ್ಕಾಬಿಕ್ಕಿಯಾಗಿ ಕೂತಿದ್ದ.

"ಇದನ್ನ ಯಾರಿಗಂತ ಎತ್ತೀನೋ ತಿಳೀವಲ್ದು ಯವ್ವಾ" ಎಂದ.

ಫಕೀರವ್ವ ಚೀಲ ಮುಂದೆ ಚಾಚಿದಳು. ಕರಿಬೇವು ಬಿತ್ತು. ಕೈ ತಾನಾಗಿಯೇ ಚೀಲದ ಬಾಯಿ ಮುಚ್ಚಿತು.

"ನಿನ್ನ ಹತ್ರ ನಾ ಏನೂ ಕೊಂಡೇ ಇಲ್ಲಲ್ಲೋ ಯಪ್ಪಾ!"

"ಇರ್ಲಿ ಬಿಡವಾ. ಪುಕ್ಕಟೆ ಕೊಸರು ಮೊದಲ ಬಿತ್ತು, ಈಗ ಕಾಯಿಪಲ್ಲೆ ತಗೋ."

ಫಕೀರವ್ವ ನಗುತ್ತ ಕೂತು, ಇನ್ನೊಮ್ಮೆ ಬದನೆಕಾಯಿ ಆರಿಸತೊಡಗಿದಳು.