ಬಾವಿಗೆ ಒಗೆದ ಕೀಲಿಕೈ

೨೦೨೫ರ ಮೇ ೯, ಶುಕ್ರವಾರ, ಬೆಳಿಗ್ಗೆ ೬ ಗಂಟೆ ೩೮ ನಿಮಿಷ. ಗೊಬ್ಬೂರಿನ ತನ್ನ ಕಬ್ಬಿನ ಹೊಲದಲ್ಲಿ ದೌಲತರಾಯ ಮೋಟರಿನ ಕಬ್ಬಿಣದ ಪೆಟ್ಟಿಗೆಗೆ ಜಡಿದ ಕೀಲಿಯನ್ನು ತೋರಿಸಿ, "ಇದರ ಕೀಲಿಕೈ ಬಾವ್ಯಾಗ ಒಗದೀನಿ" ಎಂದ. ಅಫಜಲಪುರದ ಕಾಲೇಜಿನಲ್ಲಿ ಗಣಿತ ಕಲಿಸುವ ಅವನ ಅಣ್ಣನ ಮಗ ಸುನೀಲಕುಮಾರ ನಕ್ಕ. ಪೆಟ್ಟಿಗೆಯಿಂದ ಹೊರಟ ತೆಳು ತಂತಿಯೊಂದು ಹುಲ್ಲಿನೊಳಗೆ ನುಸುಳಿ ಬಾಜು ಹೊಲದ ಬದುವಿನತ್ತ ಹೋಗಿರುವುದು ಕಂಡಿತು. ನಗು ನಿಂತಿತು.

"ಇದೇನ್ರಿ ಕಾಕಾ?"

"ನಿನ್ನೆ ನೀನೇ ಹೇಳಿದ್ದಲ್ಲಪಾ."

ನಿನ್ನೆ ಸಂಜೆ ಟಿವಿಯಲ್ಲಿ ಗಡಿಯ ಸುದ್ದಿ ನೋಡುತ್ತ, ಅಣುಬಾಂಬು ಬಿದ್ದೀತೇ ಎಂದು ಮನೆಯವರೆಲ್ಲ ಹೆದರಿ ಕೂತಿದ್ದರು. ಧೈರ್ಯ ಹೇಳಲೆಂದು ಸುನೀಲಕುಮಾರ ತಾನು ಓದಿದ, ಗೇಮ್ ಥಿಯರಿ ಎಂಬ ಆಟದ ಸಿದ್ಧಾಂತ ತೆಗೆದಿದ್ದ. ತಿರುಗೇಟು ಖಚಿತವೆಂದು ಗೊತ್ತಿದ್ದರೆ ಯಾರೂ ಮೊದಲು ಕೈ ಎತ್ತುವುದಿಲ್ಲ. ಅದು ಇನ್ನಷ್ಟು ಖಚಿತವಾಗಬೇಕಾದರೆ ತಡೆಯುವ ಅಧಿಕಾರವನ್ನೇ ಬಿಟ್ಟುಕೊಡಬೇಕು. ಆಜ್ಞೆ ಕೊಡುವವರು ಸತ್ತರೂ ಕ್ಷಿಪಣಿ ತಾನೇ ಹಾರುವಂತಿರಬೇಕು. "ನಾವು ಮನಸ್ಸು ಮಾಡಿದರೂ ನಿಲ್ಲಸಾಕ ಬರೂದಿಲ್ಲ ಅಂತ ಎದುರಿನವಗ ಗೊತ್ತಾದ್ರ ಸಾಕು, ಹಿಂದ ಸರೀತಾನ" ಎಂದಿದ್ದ. ದೌಲತರಾಯ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ್ದ.

ಈಗ ಅವನು ತಂತಿಯತ್ತ ಕೈ ತೋರಿಸಿದ. "ಆ ಬಾಜು ಹೊಲದ ಜಯಮಾಲಾ ಮೂರು ಸಲ ನನ್ನ ಮೋಟರಿನ ಕೇಬಲ್ ಕೊಯ್ದಾಳ. ಏಳಕ್ಕ ಕರೆಂಟ್ ಬರ್ತದ, ಆಟೋ ಸ್ಟಾರ್ಟರ್ ತಾನೇ ಮೋಟರ್ ಚಾಲೂ ಮಾಡ್ತದ, ತಂತಿಗೂ ಹರೀತದ. ಪಾಪ ಅನಿಸಿದ್ರೂ ನನ್ನ ಕೈಯಾಗ ಏನೂ ಉಳದಿಲ್ಲ."

"ಆಕಿಗೆ ಹೇಳೀರೇನು?"

"ಹೇಳಿದ್ರ ಸಿಗ್ತಾಳೇನಲೇ, ಮಾಸ್ತರ?"

ಅಷ್ಟರಲ್ಲಿ ಬದುವಿನ ಆ ತುದಿಯಲ್ಲಿ ಜಯಮಾಲಾ ಕಂಡಳು. ಕೈಯಲ್ಲಿ ಕುಡಗೋಲು, ಹೆಗಲ ಮೇಲೆ ಗೋಣಿಚೀಲ. ಎಮ್ಮೆಗೆ ಹುಲ್ಲು ಕೊಯ್ಯುತ್ತ, ಬಗ್ಗಿ ಬಗ್ಗಿ, ಇತ್ತಲೇ ಬರುತ್ತಿದ್ದಳು. ಸುನೀಲಕುಮಾರ ತಂತಿ ಎಳೆಯಲು ಕೈ ಚಾಚಿದ.

"ಮುಟ್ಟಬ್ಯಾಡೋ. ಏಳು ಅಂತಾರ, ಒಮ್ಮೊಮ್ಮೆ ಮೊದಲೇ ಬಂದುಬಿಡ್ತದ." ದೌಲತರಾಯ ಅವನ ಕೈ ಹಿಡಿದು ಹಿಂದಕ್ಕೆಳೆದ. ಕಳ್ಳಿಯನ್ನು ಹಿಡಿಯಲು ಹಾಕಿದ ತಂತಿಯ ಕಡೆಗೆ ಹುಲ್ಲು ಕೊಯ್ಯುವವಳು ಬರುತ್ತಿದ್ದಳು.

"ಹಾರೆ ತಗೊಂಡು ಕೀಲಿ ಒಡೀರಿ" ಎಂದವನೇ ಸುನೀಲಕುಮಾರ ಓಡಿದ. ಬದುವಿನ ಮೇಲೆ ಕಾಲಿಡುವಂತಿರಲಿಲ್ಲ. ತಂತಿ ಮುಟ್ಟದ ಕಡೆ ಬದು ಜಿಗಿದು ಜಯಮಾಲಾಳ ಕಬ್ಬಿನ ಸಾಲಿನೊಳಗೆ ನುಗ್ಗಿದ. ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

"ಕಾಕೂ, ನಿಲ್ರಿ. ಹುಲ್ಲಿಗೆ ಕೈ ಹಚ್ಚಬ್ಯಾಡ್ರಿ. ಮುಂದ ಕರೆಂಟಿನ ತಂತಿ ಅದ."

ಜಯಮಾಲಾ ನೆಟ್ಟಗೆ ನಿಂತಳು. "ನಿಮ್ಮ ಕಾಕಾ ಕಳಿಸ್ಯಾನೇನು, ಅಂಜಿಸಾಕ? ನನ್ನ ಕೇಬಲ್ ಎರಡು ಸಲ ಕೊಯ್ದದ್ದು ಸಾಲಲಿಲ್ಲೇನು ಅವಗ?"

"ನಿಮ್ಮ ಕೇಬಲ್ಲೂ ಹೋಗ್ಯದೇನ್ರಿ?" ಎನ್ನುತ್ತ ಸುನೀಲಕುಮಾರ ಒಂದು ಹೆಜ್ಜೆ ಮುಂದಿಟ್ಟ.

ಆಕೆಯ ಕೈಯಿಂದ ಕುಡಗೋಲು ಜಾರಿತು.

"ಅಲ್ಲೇ ನಿಲ್ಲೋ ತಮ್ಮಾ. ಕಾಲು ಎತ್ತಬ್ಯಾಡ." ಆಕೆ ಅವನ ಕಾಲ ಮುಂದಕ್ಕೆ ಕೈ ತೋರಿಸಿದಳು. "ನಾನೂ ತಂತಿ ಹಾಕೀನಿ. ನಾಕು ದಿನ ಆತು. ನಿನ್ನ ಮುಂದೇ ಅದ."

ಗುಂಯ್ ಎಂದಿತು. ಮೊದಲು ಜಯಮಾಲಾಳ ಮೋಟರ್, ಅದರ ಹಿಂದೆಯೇ ದೌಲತರಾಯನದು. ಕರೆಂಟ್ ಎಂಟು ನಿಮಿಷ ಮುಂಚೆ ಬಂದಿತ್ತು. ಶಾಕ್ ಹೊಡೆದೀತೆಂದು ದೌಲತರಾಯ ಹಾರೆ ಬಿಸಾಡಿ ಎರಡೂ ಕೈ ಎದೆಗೆ ಒತ್ತಿಕೊಂಡ. ಕೀಲಿ ಇನ್ನೂ ಒಡೆದಿರಲಿಲ್ಲ. ಸುನೀಲಕುಮಾರ ತನ್ನದೇ ಹೆಜ್ಜೆಗುರುತುಗಳ ಮೇಲೆ ಒಂದೊಂದೇ ಕಾಲಿಡುತ್ತ ಹಿಂದೆ ಸರಿದ. ಜಯಮಾಲಾಳೂ ಹಾಗೆಯೇ ಸರಿದಳು.

ಹನ್ನೊಂದಕ್ಕೆ ಕರೆಂಟ್ ಹೋಯಿತು. ದೌಲತರಾಯನ ಕೀಲಿ ಒಡೆದು, ಎರಡೂ ಪೆಟ್ಟಿಗೆಗಳ ವೈರು ಕಿತ್ತ ಮೇಲೆ ಸುನೀಲಕುಮಾರ ಅಳತೆಯ ಟೇಪು ತಂದ. ಒಂದು ತುದಿಯನ್ನು ಜಯಮಾಲಾ ತನ್ನ ತಂತಿಗೆ ಹಿಡಿದಳು, ಇನ್ನೊಂದನ್ನು ದೌಲತರಾಯ ಸುನೀಲಕುಮಾರನ ಕೊನೆಯ ಹೆಜ್ಜೆಗುರುತಿನ ಹೆಬ್ಬೆರಳಿಗೆ ಇಟ್ಟ. ನಡುವಿನ ಅಂತರ ಹದಿನಾಲ್ಕು ಸೆಂಟಿಮೀಟರ್.